ಖಾಲಿ ಎಂದು ಬರೆದಿಟ್ಟ ಓಲೆಗಳು

ನಾನು ಬಿಟ್ಟುಬಂದ ಕುರ್ಚಿಯಲ್ಲಿ ಈಗ ಸಹನಾ ಎಂಬ ಹುಡುಗಿ ಕೂತಿದ್ದಾಳೆ. ಮೈಸೂರಿನವಳು, ಚುರುಕು. ಸೇರಿದ ಹೊಸದರಲ್ಲೇ ಫೋನ್ ಮಾಡಿ, "ಮೇಡಂ, ಈ ಜಾಬ್ ಬಗ್ಗೆ ಒಂದಷ್ಟು ಟಿಪ್ಸ್ ಬರೆದು ಕಳಿಸಿ ಪ್ಲೀಸ್. ಇಲ್ಲಿ ಯಾರನ್ನ ಕೇಳಿದ್ರೂ ಒಂದು ಫೋಲ್ಡರ್ ಕೈಗೆ ಕೊಟ್ಟು ಹೋಗ್ಬಿಡ್ತಾರೆ" ಎಂದಳು. ನನ್ನ ಹತ್ತಿರ ಟಿಪ್ಸ್ ಇಲ್ಲ. ಇರುವುದು ಒಂದು ಸಂಕಟ. ಸಾವಿರ ವರ್ಷದ ಹಿಂದಿನ ಒಬ್ಬ ರಾಜನ ಮೇಲಿನ ತಮಿಳು ನಾಟಕವೊಂದು ನಮ್ಮ ಗ್ರಂಥಾಲಯದಲ್ಲಿ, ನಾನು ಕೆಲಸದಲ್ಲಿದ್ದಾಗಲೇ, ಹೇಗೆ ಇಲ್ಲವಾಯಿತು ಎಂಬುದನ್ನು ಬರೆಯುತ್ತೇನೆ. ಓದಿ ಯಾರಾದರೂ ಈ ಕೆಲಸವೇ ಬೇಡವೆಂದು ಓಡಿದರೆ ನಾನು ಹೊಣೆಯಲ್ಲ.

ಗ್ರಂಥಾಲಯದ ಹೆಸರಾಗಲಿ ಊರಾಗಲಿ ಹೇಳುವುದಿಲ್ಲ. ಜರ್ಮನಿಯಲ್ಲಿ ಹಸ್ತಪ್ರತಿ ವಿಭಾಗ ಇರುವ ಹಳೆಯ ಗ್ರಂಥಾಲಯಗಳು ಬೇಕಾದಷ್ಟಿವೆ, ಅವುಗಳಲ್ಲಿ ಒಂದು ಅಂದುಕೊಳ್ಳಿ. ನನ್ನ ಯಜಮಾನರು ನಿಸಾರ್ ಶ್ವೀಬರ್ಡಿಂಗೆನ್ ಎಂಬ ಊರಿನಲ್ಲಿ ಕಾರಿನ ಎಲೆಕ್ಟ್ರಾನಿಕ್ಸ್ ಇಂಜಿನಿಯರ್. ಅವರ ಹಿಂದೆ ಬಂದವಳು ನಾನು. ಮೂರು ಚಳಿಗಾಲ ಕಿಟಕಿಯಲ್ಲಿ ಕೂತು ಪಾರ್ಕಿಂಗ್ ಲಾಟ್ ನೋಡಿದ ಮೇಲೆ, ಇನ್ನು ತಡೆಯಲಾರೆ ಎಂದು ಜರ್ಮನ್ ಕಲಿತು ಕೆಲಸ ಹುಡುಕಿದೆ.

ಕೆಲಸ ಸಿಕ್ಕಿದ್ದು ಕೋಲಾರದ ಚಿನ್ನದ ಗಣಿಯ ಪುಣ್ಯದಿಂದ. ನಾನು ಹುಟ್ಟಿ ಬೆಳೆದದ್ದು ಅಲ್ಲಿಯ ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ. ಮನೆಯೊಳಗೆ ಉರ್ದು, ಶಾಲೆಯಲ್ಲಿ ಕನ್ನಡ, ನಲ್ಲಿಯ ಹತ್ತಿರ ತಮಿಳು. ತಮಿಳು ಬಾರದಿದ್ದರೆ ಕೊಡ ತುಂಬುತ್ತಿರಲಿಲ್ಲ. ಪಕ್ಕದ ಮನೆಯ ಪೆರುಮಾಳ್ ತಾತ ಓಲೆಯ ಮೇಲೆ ಜಾತಕ ಬರೆಯುತ್ತಿದ್ದರು. ಕಬ್ಬಿಣದ ಕಂಟದಿಂದ ಗರಿಯ ಮೇಲೆ ಕೊರೆದಾಗ ಏನೂ ಕಾಣುತ್ತಿರಲಿಲ್ಲ, ಉಗುರಿನಿಂದ ಗೀಚಿದ ಹಾಗೆ ಅಷ್ಟೇ. ಆಮೇಲೆ ತೊಂಡೆ ಎಲೆಯ ರಸಕ್ಕೆ ದೀಪದ ಕಪ್ಪು ಕಲಸಿ ಗರಿಗೆ ಉಜ್ಜಿ, ಬಟ್ಟೆಯಿಂದ ಒರೆಸುತ್ತಿದ್ದರು. ಗರಿ ಬೆಳ್ಳಗಾಗಿ, ಗೀಚಿದ ಜಾಗದಲ್ಲಿ ಮಾತ್ರ ಕಪ್ಪು ನಿಂತು, ಅಕ್ಷರಗಳು ಮೇಲೆದ್ದು ಬರುತ್ತಿದ್ದವು. "ಮಸಿ ಹಚ್ಚೋವರೆಗೂ ಇದು ಹುಟ್ಟಿಲ್ಲ, ಕಣ್ಣು" ಎನ್ನುತ್ತಿದ್ದರು ತಾತ. ನಾನು ಅವರಿಗೆ ತೊಂಡೆ ಎಲೆ ಕಿತ್ತು ತಂದುಕೊಡುತ್ತಿದ್ದೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಸಂದರ್ಶನಕ್ಕೆ ಹೋದಾಗ ವಿಭಾಗದ ಮುಖ್ಯಸ್ಥೆ ಫ್ರಾವ್ ಲಿಂಡ್ನರ್ ಒಂದು ತಾಳೆಗರಿಯ ಕಟ್ಟು ಮುಂದಿಟ್ಟು, ಇದು ಯಾವ ಭಾಷೆ ಎಂದರು. ಕಟ್ಟು ತಲೆಕೆಳಗಾಗಿತ್ತು. ನಾನು ಅದನ್ನು ತಿರುಗಿಸಿಟ್ಟೆ. ಅವರ ಮುಖ ಕೆಂಪಾಯಿತು. ಅಷ್ಟೇ ಸಂದರ್ಶನ. ಹಿಂದಿನ ಶತಮಾನಗಳಲ್ಲಿ ಮಿಷನರಿಗಳು ತಮಿಳುನಾಡಿನಿಂದ ಹೊತ್ತು ತಂದ ಕಟ್ಟುಗಳು ಅಲ್ಲಿ ರಟ್ಟಿನ ಡಬ್ಬಗಳಲ್ಲಿ ಮಲಗಿದ್ದವು. ಅರ್ಧಕ್ಕೆ ಯಾರೋ ಹಳಬರು ವಿವರ ಬರೆದಿದ್ದರು. ಉಳಿದ ಅರ್ಧ ನನ್ನ ಪಾಲಿಗೆ ಬಂತು.

ಫ್ರಾವ್ ಲಿಂಡ್ನರ್ ಕೆಟ್ಟವರಲ್ಲ. ಆದರೆ ಅವರ ಪಾಠ ಒಂದೇ: ವಿವರಿಸು, ಓದಬೇಡ. ಗರಿಯ ಉದ್ದ ಅಳೆ, ಅಗಲ ಅಳೆ, ದಾರದ ತೂತು ಎಷ್ಟೆಂದು ನೋಡು, ಮೊದಲ ಗರಿಯ ಮೊದಲ ಸಾಲು, ಕೊನೆಯ ಗರಿಯ ಕೊನೆಯ ಸಾಲು ಬರೆದುಕೋ, ಕಟ್ಟು ಕಟ್ಟಿ ಒಳಗಿಡು. ನಾನು ಹೊಸದರಲ್ಲಿ ಒಂದು ಕಥೆಯ ಕಟ್ಟು ಸಿಕ್ಕಿ, ಗಂಡಹೆಂಡಿರ ಜಗಳ ಸ್ವಾರಸ್ಯವಾಗಿದೆಯೆಂದು ಮಧ್ಯದ ಗರಿಗಳನ್ನು ಓದುತ್ತ ಕೂತಿದ್ದೆ. ಅವರು ಹಿಂದೆ ಬಂದು ನಿಂತು, "ಓದುವುದು ಫೈಯರ್‌ಆಬೆಂಡ್ ಆದಮೇಲೆ, ಫ್ರಾವ್ ನಸೀಮಾ" ಎಂದರು. ಕೆಲಸ ಮುಗಿದ ಸಂಜೆಗೆ ಇಲ್ಲಿ ಹಾಗೆನ್ನುತ್ತಾರೆ. ಕೆಲಸ ಮುಗಿದ ಮೇಲೆ ಕಟ್ಟು ಬೀಗದೊಳಗೆ ಹೋಗುತ್ತದೆ, ಆಗ ಏನನ್ನು ಓದುವುದು, ನನ್ನ ತಲೆ?

ನನ್ನ ಎಡವಟ್ಟುಗಳೂ ಇದ್ದವು. ಹುಳ ಬರದಿರಲೆಂದು ಓಲೆಗೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ ಎಂದು ಕೇಳಿ, ಏಷ್ಯನ್ ಅಂಗಡಿಯಿಂದ ಒಂದು ಸೀಸೆ ತಂದೆ. ಅದು ಮಸಾಜಿನ ಎಣ್ಣೆ. ಪ್ರಯೋಗಕ್ಕೆ ತೆರೆದಿಟ್ಟ ಸೀಸೆ ಉರುಳಿ, ಓದುವ ಕೋಣೆಯೆಲ್ಲ ಮದುವೆ ಮನೆಯ ಹಾಗೆ ಘಮ್ಮೆಂದಿತು. ಕಿಟಕಿಗಳನ್ನು ತೆರೆದಿಟ್ಟು, ಕೋಟು ಹಾಕಿಕೊಂಡು ನಡುಗುತ್ತ ಕೂತ ಓದುಗರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಅದೇ ಸಮಯದಲ್ಲಿ ಇನ್ನೊಂದು ಮಾತು ಕೇಳಿದ್ದೆ. ಮಸಿ ಅಳಿಸಿಹೋದ ಗರಿಗಳಿಗೆ ಹೊಸದಾಗಿ ಮಸಿ ಹಚ್ಚೋಣವೇ ಎಂದೆ. ಹಳೆಯ ತಲೆಮಾರಿನ ಕೆಲಸಗಾರರು ಹಚ್ಚುತ್ತಿದ್ದರಂತೆ. ಆದರೆ ಅಷ್ಟು ಹೊತ್ತಿಗೆ ಪದ್ಧತಿ ಬದಲಾಗಿತ್ತು. ವಸ್ತು ಬಂದ ಸ್ಥಿತಿಯಲ್ಲೇ ಇರಬೇಕು, ಮುರಿದದ್ದನ್ನು ಅಂಟಿಸುವುದು ಬಿಟ್ಟರೆ ಅದರ ಮೇಲೆ ನಮ್ಮದೊಂದು ಕಣವೂ ಬೀಳಬಾರದು ಎಂಬುದು ಹೊಸ ನಿಯಮ. "ಮಸಿ ನಮ್ಮದು, ಓಲೆ ಅವರದು" ಎಂದರು ಫ್ರಾವ್ ಲಿಂಡ್ನರ್. ಮಾತು ಸರಿಯೇ. ಸರಿಯಾದ ಮಾತುಗಳೇ ಕೊನೆಗೆ ನಮ್ಮನ್ನು ತಿಂದದ್ದು.

ಶಿವಗುರು ಸರ್ ಬಂದದ್ದು ನನ್ನ ನಡುವಯಸ್ಸಿನಲ್ಲಿ. ತಂಜಾವೂರಿನ ಕಡೆಯ ನಿವೃತ್ತ ಅಧ್ಯಾಪಕರು. ಹೆಂಡತಿ ತೀರಿದ ಮೇಲೆ ಮ್ಯೂನಿಕ್‌ನಲ್ಲಿ ಐಟಿ ಕೆಲಸದಲ್ಲಿರುವ ಮಗಳು ಮಲರ್ ಜೊತೆ ಬಂದು ಉಳಿದವರು. ಬೆಳಗಿನ ರೈಲು ಹಿಡಿದು, ಮಫ್ಲರ್ ಸುತ್ತಿಕೊಂಡು, ಚೀಲದಲ್ಲಿ ಮೊಸರನ್ನದ ಡಬ್ಬಿ ಇಟ್ಟುಕೊಂಡು ಬಂದಿದ್ದರು. ಅವರು ಮಾತಾಡಿದ್ದೆಲ್ಲ ತಮಿಳಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೇ.

"ನಾಟಕ ಹುಡುಕ್ತಾ ಇದ್ದೀನಮ್ಮಾ" ಎಂದರು.

ಅವರ ಊರಿನ ದೊಡ್ಡ ದೇವಸ್ಥಾನ ಕಟ್ಟಿಸಿದ ಚೋಳ ಅರಸನ ಮೇಲೆ ಒಂದು ನಾಟಕವಿತ್ತು. ಪ್ರತಿವರ್ಷ ಉತ್ಸವದಲ್ಲಿ ಆ ನಾಟಕ ಆಡುವವನಿಗೆ ಇಷ್ಟು ಭತ್ತ ಕೊಡಬೇಕು ಎಂದು ಅದೇ ದೇವಸ್ಥಾನದ ಕಲ್ಲಿನಲ್ಲಿ ಕೆತ್ತಿದ್ದಾರೆ. ಆ ರಾಜನ ಮೇಲೆ ಕಾವ್ಯವೂ ಇತ್ತಂತೆ. ಕಲ್ಲು ಉಳಿದಿದೆ, ಭತ್ತದ ಲೆಕ್ಕ ಉಳಿದಿದೆ. ನಾಟಕದ ಒಂದು ಮಾತೂ ಉಳಿದಿಲ್ಲ. ಶಿವಗುರು ಸರ್ ಹುಡುಗನಾಗಿದ್ದಾಗ ಅವರ ತಂದೆ ಆ ಗೋಡೆಗೆ ಅವರ ಬೆರಳು ಮುಟ್ಟಿಸಿ ಓದಿಸಿದ್ದರಂತೆ. "ಆಡಿದವನ ಕೂಲಿ ಗೊತ್ತು, ಏನು ಆಡಿದ ಅಂತ ಗೊತ್ತಿಲ್ಲ. ಇದೆಂಥ ಅನ್ಯಾಯ ಹೇಳಿ" ಎನ್ನುತ್ತಿದ್ದರು. ಮಠ, ಹಳೆಯ ಮನೆಗಳ ಅಟ್ಟ, ಊರಿನ ಗ್ರಂಥಾಲಯಗಳು, ಎಲ್ಲ ಹುಡುಕಿ ಮುಗಿಸಿ ಇಲ್ಲಿಗೆ ಬಂದಿದ್ದರು. ಮಿಷನರಿಗಳು ಆ ಕಡೆಯಿಂದಲೇ ಓಲೆ ತಂದದ್ದಲ್ಲವೇ, ಯಾರೋ ಎಂದೋ ಮಾಡಿದ ಒಂದು ಪ್ರತಿ ಇಲ್ಲಿ ಇರಬಾರದೇಕೆ ಎಂಬುದು ಅವರ ವಾದ.

ಅವರು ತಿಂಗಳಿಗೊಮ್ಮೆ ಬರತೊಡಗಿದರು. ನಾಟಕ, ಕಾವ್ಯ, ಹಾಡು, ಕಥೆ ಎಂದು ವಿವರ ಇದ್ದ ಕಟ್ಟುಗಳನ್ನೆಲ್ಲ ಒಂದೊಂದಾಗಿ ತರಿಸಿಕೊಟ್ಟೆ. ವಿವರವಿಲ್ಲದ ಕಟ್ಟುಗಳನ್ನು ನಾನೇ ನೋಡುತ್ತ ಹೋದೆ. ಫ್ರಾವ್ ಲಿಂಡ್ನರ್ ಕಣ್ಣು ತಪ್ಪಿಸಿ ಮಧ್ಯದ ಗರಿಗಳನ್ನೂ ಓದಿದೆ. ಸ್ತೋತ್ರ ಸಿಕ್ಕಿತು, ಲೆಕ್ಕ ಸಿಕ್ಕಿತು, ಹಲ್ಲಿ ಬಿದ್ದರೆ ಏನಾಗುತ್ತದೆ ಎಂಬ ಶಾಸ್ತ್ರ ನಾಲ್ಕು ಸಲ ಸಿಕ್ಕಿತು. ನಾಟಕ ಸಿಗಲಿಲ್ಲ. ಮಧ್ಯಾಹ್ನ ನಾವಿಬ್ಬರೂ ನೆಲಮಾಳಿಗೆಯ ಬೆಂಚಿನಲ್ಲಿ ಕೂತು ಅವರ ಮೊಸರನ್ನ, ನನ್ನ ಪರೋಟ ಹಂಚಿಕೊಳ್ಳುತ್ತಿದ್ದೆವು. ಎದುರಿಗೆ ದುರಸ್ತಿ ಕೋಣೆಯ ಗಾಜಿನ ಬಾಗಿಲು. ಅಲ್ಲಿಯ ಹೈಕೆ, ಹರಿದ ಹಾಳೆ ಮುರಿದ ಗರಿ ಸರಿಮಾಡುವವಳು, ಗಾಜಿನಾಚೆಯಿಂದ ನಮಗೆ ಕೈಬೀಸುತ್ತಿದ್ದಳು.

ನಿಸಾರ್ ನನ್ನನ್ನು ಛೇಡಿಸುತ್ತಿದ್ದರು. ಉರ್ದುವಿನಲ್ಲಿ ಅಂದದ್ದನ್ನು ಕನ್ನಡಕ್ಕೆ ತಂದರೆ ಹೀಗಿರುತ್ತದೆ: "ಕೋಲಾರದ ಸಾಬರ ಮಗಳು, ಜರ್ಮನಿಯಲ್ಲಿ ಕೂತು, ತಮಿಳು ರಾಜನ ನಾಟಕ ಹುಡುಕ್ತಾಳೆ. ನಿನಗೂ ಆ ರಾಜನಿಗೂ ಏನು ಸಂಬಂಧ?" ಏನೂ ಇಲ್ಲ. ಆದರೆ ಆ ಮುದುಕರು ರೈಲಿನಿಂದ ಇಳಿದು ನನ್ನ ಮುಖ ನೋಡುತ್ತಿದ್ದರಲ್ಲ, ಆ ಮುಖಕ್ಕೆ ಏನಾದರೂ ಕೊಡಬೇಕಿತ್ತು.

ವರ್ಷಗಳು ಕಳೆದವು. ಫ್ರಾವ್ ಲಿಂಡ್ನರ್ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಹೆರ್ ಕ್ರೌಸ್‌ಗೆ ಕಂಪ್ಯೂಟರ್ ಬಿಟ್ಟು ಬೇರೆ ದೇವರಿರಲಿಲ್ಲ. ಎಲ್ಲ ಕಟ್ಟುಗಳನ್ನೂ ಸ್ಕ್ಯಾನ್ ಮಾಡಿಸಿದರು. ಒಳ್ಳೆಯದೇ. ಆದರೆ ಖಾಲಿ ಗರಿಗಳನ್ನು ಸ್ಕ್ಯಾನ್ ಮಾಡಬಾರದು, ಸಮಯ ದಂಡ ಎಂದರು. ಪ್ರತಿ ಕಟ್ಟಿನಲ್ಲೂ ಹಿಂದೆ ಮುಂದೆ ಕಾವಲಿಗೆಂದು ಒಂದೆರಡು ಖಾಲಿ ಗರಿ ಇಟ್ಟಿರುತ್ತಾರೆ, ಅದು ರೂಢಿ. ಹಾಗಾಗಿ ಯಾರಿಗೂ ಅದು ತಪ್ಪೆನಿಸಲಿಲ್ಲ. ನನಗೂ ಅನಿಸಲಿಲ್ಲ. ಶಿವಗುರು ಸರ್ ಮೊಣಕಾಲು ಕೈಕೊಟ್ಟು ರೈಲು ಹತ್ತುವುದು ನಿಂತಿತು. ಫೋನಿನಲ್ಲಿ ಕೇಳುತ್ತಿದ್ದರು, "ಏನಾದ್ರೂ ಕಂಡಿತಾ ನಸೀಮಾ ಅಮ್ಮಾ?" ಇಲ್ಲ ಸರ್ ಎನ್ನುತ್ತಿದ್ದೆ. "ಇರಲಿ. ಎಲ್ಲೋ ಇದೆ" ಎನ್ನುತ್ತಿದ್ದರು. ಅವರ ಜೀವ ಆ ಎರಡು ಮಾತಿಗೆ ಜೋತುಬಿದ್ದಿತ್ತು.

ಬಡ್ತಿ, ಪ್ರಶಸ್ತಿಪತ್ರ ಇತ್ಯಾದಿ ನನಗೂ ಬಂದವು, ಅದನ್ನು ಬರೆದು ಯಾರಿಗೆ ಉಪಕಾರ. ನೇರ ನನ್ನ ಬೀಳ್ಕೊಡುಗೆಯ ದಿನಕ್ಕೆ ಬರುತ್ತೇನೆ.

ಓದುವ ಕೋಣೆಯ ಪಕ್ಕದಲ್ಲಿ ಕಾಫಿ, ಪ್ಲಮ್ ಹಣ್ಣಿನ ಕೇಕು. ಹೆರ್ ಕ್ರೌಸ್ ಭಾಷಣ ಮಾಡಿದರು. ಹೈಕೆ ಒಂದು ಪೊಟ್ಟಣ ಕೊಟ್ಟು ಅಪ್ಪಿಕೊಂಡಳು. ಬಿಚ್ಚಿದರೆ ಬುಕ್‌ಮಾರ್ಕ್. ಉದ್ದನೆಯ ದಪ್ಪ ಕಾಗದಕ್ಕೆ ತಾಳೆಗರಿಯ ಒಂದು ಪಟ್ಟಿ ಅಂಟಿಸಿ, ತುದಿಗೆ ರೇಷ್ಮೆ ದಾರ ಪೋಣಿಸಿದ್ದಳು. "ಅಪ್ಪಟ ಇಂಡಿಯನ್ ಗರಿ, ನಸೀಮಾ. ನಿನ್ನ ಊರಿನ ಕಡೆಯದು. ಏನೂ ಬರೆದಿಲ್ಲದ್ದು, ಹೆದರಬೇಡ" ಎಂದು ನಕ್ಕಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಚೆನ್ನಾಗಿದೆ ಎಂದು ತೋರಿಸಲು ನಾನು ಅದನ್ನು ಎತ್ತಿ ಹಿಡಿದೆ. ಕಿಟಕಿಯಿಂದ ಓರೆಯಾಗಿ ಬಿಸಿಲು ಬೀಳುತ್ತಿತ್ತು.

ಗರಿಯ ಮೇಲೆ ಗೀಚಿದ ಗುರುತುಗಳಿದ್ದವು. ಉದ್ದಕ್ಕೂ, ಸಾಲಾಗಿ.

ಪೆರುಮಾಳ್ ತಾತನ ಅಂಗಳ ಕಣ್ಣ ಮುಂದೆ ಬಂತು. ಕೈಯಲ್ಲಿದ್ದ ಕೇಕಿನ ತಟ್ಟೆಯನ್ನು ಎಲ್ಲಿಟ್ಟೆನೋ ಗೊತ್ತಿಲ್ಲ.

"ಹೈಕೆ, ಇದು ಎಲ್ಲಿಯದು?"

"ಪ್ರಯೋಗಕ್ಕೆ ಇಟ್ಟುಕೊಂಡಿದ್ದು. ಒಂದು ವೈದ್ಯದ ಕಟ್ಟಿನ ಮಧ್ಯೆ ಖಾಲಿ ಗರಿಗಳಿದ್ದವು. ವಿವರದಲ್ಲಿ ಖಾಲಿ ಅಂತಲೇ ಬರೆದಿತ್ತು. ಅಂಟು, ದ್ರಾವಣ ಎಲ್ಲ ಮೊದಲು ಅದರ ಮೇಲೆ ಹಾಕಿ ನೋಡಿ, ಆಮೇಲೆ ಬರೆದ ಗರಿಗಳಿಗೆ ಹಾಕುತ್ತೇವೆ. ಖಾಲಿ ಗರಿಗೆ ನಿಯಮ ಇಲ್ಲವಲ್ಲ, ಲಿಂಡ್ನರ್ ಕಾಲದಿಂದಲೂ ಹಾಗೇ."

"ಉಳಿದವು ಎಲ್ಲಿ?"

ಅವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ನೆಲಮಾಳಿಗೆಗೆ ಇಳಿದೆವು. ಅವಳು ಒಂದು ಡ್ರಾಯರ್ ಎಳೆದಳು. ಒಳಗೆ ಗಾಜಿನ ತಟ್ಟೆಗಳಲ್ಲಿ ಗರಿಯ ಚೂರುಗಳು. ಕೆಲವು ನೆನೆದು ಉಬ್ಬಿ ಸಿಪ್ಪೆಯೆದ್ದಿದ್ದವು, ಕೆಲವು ಅಂಟಿನ ಕೆಳಗೆ ಗಾಜಿನಂತಾಗಿದ್ದವು, ಕೆಲವು ಬಿಸಿಗೆ ಕಂದಿ ಹಪ್ಪಳದ ಹಾಗೆ ಸುರುಳಿಯಾಗಿದ್ದವು. ಮುಟ್ಟಿದರೆ ಪುಡಿ. ಬಹಳಷ್ಟು ಕಸಕ್ಕೆ ಹೋಗಿಯೇ ಎಷ್ಟೋ ವರ್ಷವಾಗಿತ್ತು. ನನಗೆ ಕೊಟ್ಟ ಪಟ್ಟಿಯೊಂದೇ ನೆಟ್ಟಗಿದ್ದದ್ದು, ಅದಕ್ಕೇ ಉಡುಗೊರೆಗೆ ಆರಿಸಿದ್ದಳು. ನಾನು ಟಾರ್ಚ್ ಓರೆಯಾಗಿ ಹಿಡಿದು ಆ ಗೀರುಗಳನ್ನು ತೋರಿಸಿದೆ. ಹೈಕೆ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡು ಅತ್ತಳು. ಒಂದು ಗರಿಯ ಅಂಚು ಮುರಿದರೆ ಊಟ ಬಿಡುವಂಥ ಹೆಂಗಸು ಅವಳು. ಯಾರನ್ನು ಬೈಯಲಿ?

ಆ ಕಟ್ಟು ನನ್ನ ಮೇಜಿಗೆ ಎಂದೂ ಬಂದಿರಲಿಲ್ಲ. ನನಗಿಂತ ಮೊದಲೇ ವಿವರ ಬರೆದು ಮುಗಿಸಿದ್ದ ಕಟ್ಟು. ಮೊದಲ ಗರಿ ವೈದ್ಯ, ಕೊನೆಯ ಗರಿ ವೈದ್ಯ, ಹಾಗಾಗಿ ಇಡೀ ಕಟ್ಟು ವೈದ್ಯ. ಆ ಗೀರುಗಳು ನಾಟಕದ್ದೆಂದು ಖಾತ್ರಿಯಾದದ್ದು ಆಮೇಲೆ, ಆದರೆ ನಾಟಕ ಹುಡುಕುವವರು ವೈದ್ಯ ಯಾಕೆ ತೆರೆಯುತ್ತಾರೆ? ಯಾರೋ ಪ್ರತಿ ಮಾಡಿದವನು ಕೊರೆದು ಮುಗಿಸಿ, ಮಸಿ ಹಚ್ಚುವ ಮೊದಲೇ ಮನೆಯ ಓಲೆಗಳೆಲ್ಲ ಒಟ್ಟಾಗಿ ಮಾರಾಟವಾಗಿರಬೇಕು. ಹಾಗೆಂದು ನಾನು ಊಹಿಸುತ್ತೇನೆ. ಭೇದಿ ನಿಲ್ಲಿಸುವ ಔಷಧದ ಗರಿಗಳು ಮಾತ್ರ, ನಾಟಕದ ಮೇಲೆ ಪರೀಕ್ಷಿಸಿದ ಅಂಟಿನ ದಯದಿಂದ, ಈಗಲೂ ಗಟ್ಟಿಮುಟ್ಟಾಗಿವೆ. ನಾವು ಬೆಂಚಿನಲ್ಲಿ ಮೊಸರನ್ನ ತಿನ್ನುತ್ತಿದ್ದಾಗ ಗಾಜಿನಾಚೆ ಹೈಕೆ ನೆನೆಹಾಕುತ್ತಿದ್ದದ್ದು ಏನನ್ನು ಎಂದು ಯೋಚಿಸಿದರೆ ಇವತ್ತಿಗೂ ನನಗೆ ಅನ್ನ ಇಳಿಯುವುದಿಲ್ಲ.

ಹೆರ್ ಕ್ರೌಸ್ ಬುಕ್‌ಮಾರ್ಕ್ ವಾಪಸು ಕೇಳಿದರು. ಕೊಡುವುದಿಲ್ಲ, ಉಡುಗೊರೆ ಕೊಟ್ಟಾಗಿದೆ ಎಂದೆ. ಮೇಲಿನವರಿಗೆ ಬರೆಯುತ್ತೇನೆ ಎಂದರು. ಬರೆಯಿರಿ ಎಂದೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತೆ. ಅದು ಗ್ರಂಥಾಲಯದ ವಸ್ತುವಲ್ಲ, ನನ್ನದು. ನಿಯಮ ಕಾಯುವವರು ಯಾರೂ ಇರಲಿಲ್ಲ. ಮೇಣದಬತ್ತಿಯ ಮೇಲೆ ಚಮಚ ಹಿಡಿದು ಕಪ್ಪು ಕೂಡಿಸಿದೆ. ತೊಂಡೆ ಎಲೆ ಎಲ್ಲಿಂದ ತರಲಿ, ಎರಡು ಹನಿ ಕೊಬ್ಬರಿ ಎಣ್ಣೆಗೆ ಕಲಸಿದೆ. ನಿಸಾರ್ ಟೀ ಮಾಡುವುದು ಬಿಟ್ಟು ಪಕ್ಕದಲ್ಲಿ ನಿಂತರು. ಬೆರಳಿನಿಂದ ಹಚ್ಚಿ, ಹಳೆಯ ದುಪಟ್ಟಾದಿಂದ ಒರೆಸಿದೆ.

ಒಂದು ಸಾಲು ಎದ್ದು ಬಂತು. ಹೈಕೆ ಗರಿಯನ್ನು ಉದ್ದಕ್ಕೆ ಕತ್ತರಿಸಿದ್ದರಿಂದ ಮೇಲಿನ ಸಾಲು ಪೂರ್ತಿ ಇತ್ತು. ಎರಡನೆಯ ಸಾಲಿನಲ್ಲಿ ಅಕ್ಷರಗಳ ತಲೆಗಳಷ್ಟೇ ಉಳಿದಿದ್ದವು. ಓಲೆಯ ತಮಿಳಿನಲ್ಲಿ ಅರ್ಧಾಕ್ಷರ ತೋರಿಸುವ ಚುಕ್ಕಿಗಳಿರುವುದಿಲ್ಲ, ತಡವರಿಸಿಕೊಂಡು ಓದಿದೆ. ಕಟ್ಟಿಯಕ್ಕಾರನ್ ಹೇಳುವುದು ಎಂದು ಶುರು. ಕೂತ್ತಿನಲ್ಲಿ, ಅಂದರೆ ತಮಿಳರ ಬಯಲಾಟದಲ್ಲಿ, ರಾಜ ಬರುವ ಮೊದಲು ಬಂದು ಸಾರುವ ಪಾತ್ರ ಅದು. ಆಮೇಲೆ, ಸಭೆಯವರೇ ಸರಿದು ನಿಲ್ಲಿ, ಬಾಗಿಲ ಕಡೆ ನೋಡಿ, ಎಂದು ಹೇಳಿ ಆ ರಾಜನ ಹೆಸರು, ಅವನ ದೇವಸ್ಥಾನದ ಹೆಸರು. ಬರುತ್ತಿದ್ದಾರೆ. ಸಾಲು ಮುಗಿಯಿತು.

"ಹೇಳಬೇಡ ಅವರಿಗೆ" ಎಂದರು ನಿಸಾರ್. "ಎಲ್ಲೋ ಇದೆ ಅಂತಲೇ ನೆಮ್ಮದಿಯಾಗಿ ಹೋಗಲಿ."

ನಾನೂ ಅದನ್ನೇ ಯೋಚಿಸಿದ್ದೆ. ಎರಡು ಸಲ ಫೋನ್ ಬಂದಾಗ ಎತ್ತಲಿಲ್ಲ. ಆದರೆ ಅವರು ಜೀವಮಾನವೆಲ್ಲ ಕೇಳಿದ್ದು ಆ ನಾಟಕದ ಒಂದು ಮಾತು. ಅದು ನನ್ನ ಅಡುಗೆಮನೆಯಲ್ಲಿರುವಾಗ ಬಚ್ಚಿಟ್ಟುಕೊಳ್ಳುವ ಹಕ್ಕು ನನಗೆ ಯಾರು ಕೊಟ್ಟರು? ಮ್ಯೂನಿಕ್ ರೈಲು ಹತ್ತಿದೆ.

ಮಲರ್ ಬಾಗಿಲು ತೆರೆದಳು. ಶಿವಗುರು ಸರ್ ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದರು, ಬಹಳ ಸಣ್ಣಗಾಗಿದ್ದರು. ಪಟ್ಟಿಯನ್ನು ಅವರ ಕೈಗಿಟ್ಟೆ. ಭೂತಗನ್ನಡಿ ಹಿಡಿದು ಓದಿದರು. ಮತ್ತೆ ಮೊದಲಿನಿಂದ ಓದಿದರು. ತುಟಿ ಅಲುಗುತ್ತಿತ್ತು.

"ಉಳಿದದ್ದು ತಂದಿಲ್ವಾ ಅಮ್ಮಾ?"

ಎಲ್ಲ ಹೇಳಿದೆ. ಬೆಂಚಿನ ಎದುರಿನ ಬಾಗಿಲಿನ ವಿಷಯವನ್ನೂ ಹೇಳಿದೆ. ಮಲರ್ ಜರ್ಮನ್‌ನಲ್ಲಿ ಏನೋ ಬೈದಳು. ಅವರು ಬೈಯಲಿಲ್ಲ. ಭೂತಗನ್ನಡಿ ಕೆಳಗಿಟ್ಟು, "ಕಳೆದುಹೋಗಿದ್ರೆ ಹುಡುಕಬಹುದಿತ್ತಮ್ಮಾ. ಇಷ್ಟು ವರ್ಷ ಹುಡುಕೋದಾದ್ರೂ ಇತ್ತು ನಂಗೆ" ಎಂದರು.

ನಾನು ಅತ್ತೆ. ಹೇಳಬಾರದಿತ್ತು ಎನಿಸಿತು. ಹೇಳಲೇಬೇಕಿತ್ತು ಎಂದೂ ಅನಿಸಿತು. ಇವತ್ತಿಗೂ ಎರಡೂ ಅನಿಸುತ್ತವೆ. ಸಹನಾ, ನೀನು ಟಿಪ್ಸ್ ಕೇಳಿದೆಯಲ್ಲ, ಇದಕ್ಕೆ ನನ್ನ ಹತ್ತಿರ ಒಂದೂ ಇಲ್ಲಮ್ಮ. ಖಾಲಿ ಎಂದು ಬರೆಯುವ ಮೊದಲು ಗರಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡು. ನೋಡಿದರೂ ನಿನಗಿಂತ ಮೊದಲು ಬರೆದವರ ಕೈಯನ್ನು ನೀನು ಹಿಡಿಯಲಾರೆ.

ಹೊರಡಲು ಎದ್ದಾಗ ಶಿವಗುರು ಸರ್ ಮಗಳ ಕಡೆ ಕೈಚಾಚಿದರು. ಅವಳು ಎಬ್ಬಿಸಿದಳು. ಶಾಲು ಜಾರಿತು, ಹಿಡಿಯಲಿಲ್ಲ. ಪಟ್ಟಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಮೇಲೆತ್ತಿ, ಆ ಎಲುಬಿನ ಗೂಡಿನಿಂದ ಎಲ್ಲಿತ್ತೋ ಆ ದನಿ, ಕೂಗಿ ಸಾರಿದರು. ಸಭೆಯವರೇ ಸರಿದು ನಿಲ್ಲಿ. ಬಾಗಿಲ ಕಡೆ ನೋಡಿ. ರಾಜನ ಹೆಸರು ಹೇಳಿದರು, ದೇವಸ್ಥಾನದ ಹೆಸರು ಹೇಳಿದರು, ಬರುತ್ತಿದ್ದಾರೆ ಎಂದರು.

ಮಲರ್ ಗೋಡೆಗೆ ಸರಿದು ನಿಂತಳು. ನಾನೂ ಸರಿದೆ. ಮೂವರೂ ಬಾಗಿಲ ಕಡೆ ನೋಡಿದೆವು. ಮಗಳ ಸೈಕಲ್ ಹೆಲ್ಮೆಟ್ಟು, ಕೋಟುಗಳು, ಬೂಟುಗಳು ಅಲ್ಲಿದ್ದವು.

ಅವರು ಎತ್ತಿದ ಕೈ ಇಳಿಸಲಿಲ್ಲ. "ಮುಂದಿನ ಸಾಲು ಏನಮ್ಮಾ?" ಎಂದು ನನ್ನನ್ನು ಕೇಳಿದರು.

"ಗೊತ್ತಿಲ್ಲ ಸರ್" ಎಂದೆ.

ಅವರು ಹಾಗೆಯೇ ನಿಂತಿದ್ದರು.